ತೆರೆಯ ಹಿಂದಿನ ಕೆಲಸವೂ ನಮ್ಮ ನಾಟಕ ವಿಮರ್ಶೆಯೂ

ನಾಟಕ ನೋಡಿ ಬಂದು ಪತ್ರಿಕೆಗೆ ಬರೆಯುವ ವಿಮರ್ಶೆಗೆ ನಮ್ಮಲ್ಲಿ ಒಂದು ಅಚ್ಚು ಬಿದ್ದಿದೆ. ಮೊದಲು ನಾಟಕಕಾರನ ಪರಿಚಯ, ಬಳಿಕ ಕಥಾಸಾರ, ಅನಂತರ ಮುಖ್ಯ ಪಾತ್ರಧಾರಿಗಳ ಗುಣದೋಷಗಳು, ನಿರ್ದೇಶಕರಿಗೆ ಒಂದೆರಡು ಹಿತವಚನ. ಕಟ್ಟಕಡೆಗೆ, ಜಾಗ ಉಳಿದಿದ್ದರೆ, ಬೆಳಕು, ರಂಗಸಜ್ಜಿಕೆ, ಪ್ರಸಾಧನಗಳು ಪೂರಕವಾಗಿದ್ದುವು ಎಂಬ ಒಂದು ವಾಕ್ಯ. ಅದು ಯಾವುದಕ್ಕೆ ಪೂರಕ, ಎಷ್ಟರಮಟ್ಟಿಗೆ ಪೂರಕ, ಯಾರ ಕೈಯಿಂದ ಪೂರಕವಾಯಿತು ಎಂದು ಬರೆದವರೂ ಹೇಳುವುದಿಲ್ಲ, ಓದಿದವರೂ ಕೇಳುವುದಿಲ್ಲ. ಕಾವ್ಯವನ್ನು ವಿಮರ್ಶಿಸುವವನು ಛಂದಸ್ಸು ಪೂರಕವಾಗಿತ್ತು ಎಂದಷ್ಟೇ ಬರೆದು ಲೇಖನಿ ಕೆಳಗಿಟ್ಟರೆ ನಾವು ಉಪಾಧ್ಯಾಯರು ಒಪ್ಪುತ್ತೇವೆಯೆ? ಪರೀಕ್ಷೆಯಲ್ಲಿ ಹುಡುಗನೊಬ್ಬ ಹಾಗೆ ಬರೆದರೆ ಒಂದು ಅಂಕವನ್ನೂ ಕೊಡಲಾರೆವು. ಆದರೆ ರಂಗದ ವಿಷಯದಲ್ಲಿ ಮಾತ್ರ ಆ ಉತ್ತರವನ್ನು ನೂರಕ್ಕೆ ನೂರು ಎಂದು ಒಪ್ಪಿಕೊಂಡು ಬಂದಿದ್ದೇವೆ.

ತೆರೆಯ ಹಿಂದೆ ದುಡಿಯುವವರಿಗೆ ಗೌರವ ಸಲ್ಲಬೇಕು ಎಂಬ ಮಾತನ್ನು ಹೇಳುವುದಷ್ಟೇ ಈ ಲೇಖನದ ಉದ್ದೇಶವಲ್ಲ. ಆ ಮಾತು ಸುಲಭ, ಹೇಳಿದವರಿಗೆ ಖರ್ಚಿಲ್ಲ. ಅವರ ಕೆಲಸವನ್ನು ಅಳೆಯುವ ಕೋಲು ನಮ್ಮ ವಿಮರ್ಶೆಯಲ್ಲಿ ಇದೆಯೆ, ಇಲ್ಲವಾದರೆ ಅದನ್ನು ಎಲ್ಲಿಂದ ತರಬೇಕು, ಗಡಿನಾಡಿನ ಉಪಾಧ್ಯಾಯರಾದ ನಮಗೆ ಅದರಿಂದ ಏನಾಗಬೇಕಾಗಿದೆ, ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಹೊರಟಿದ್ದೇವೆ.

ಮೊದಲು ಶಾಸ್ತ್ರವನ್ನು ನೋಡೋಣ. ‘ನೇಪಥ್ಯ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ನಟನು ತೊಡುವ ವೇಷವೂ ನೇಪಥ್ಯ, ಅವನು ವೇಷ ತೊಡುವ ಕೋಣೆಯೂ ನೇಪಥ್ಯ. ಕೆಲಸಕ್ಕೂ ಕೆಲಸದ ಸ್ಥಳಕ್ಕೂ ಒಂದೇ ಹೆಸರಿಟ್ಟಿರುವುದು ಅರ್ಥವಿಲ್ಲದ ಸಂಗತಿಯಲ್ಲ. ಭರತನ ‘ನಾಟ್ಯಶಾಸ್ತ್ರ’ದ ಎರಡನೆಯ ಅಧ್ಯಾಯದಲ್ಲಿ ನಾಟ್ಯಗೃಹದ ಅಳತೆ ಬರುತ್ತದೆ. ಅರುವತ್ತನಾಲ್ಕು ಹಸ್ತ ಉದ್ದ, ಮೂವತ್ತೆರಡು ಹಸ್ತ ಅಗಲದ ಗೃಹವನ್ನು ಮೊದಲು ಎರಡಾಗಿ ಭಾಗಿಸಬೇಕು. ಮುಂದಿನ ಅರ್ಧ ಪ್ರೇಕ್ಷಕರಿಗೆ. ಹಿಂದಿನ ಅರ್ಧವನ್ನು ಮತ್ತೆ ಎರಡು ಮಾಡಿ ಒಂದು ಪಾಲನ್ನು ರಂಗಕ್ಕೂ ಇನ್ನೊಂದನ್ನು ನೇಪಥ್ಯಕ್ಕೂ ಬಿಡಬೇಕು. ಎಂದರೆ ರಂಗಕ್ಕೆ ಎಷ್ಟೋ ನೇಪಥ್ಯಕ್ಕೂ ಅಷ್ಟೆ. ಇಡೀ ಕಟ್ಟಡದ ಕಾಲುಭಾಗ. ಅಲ್ಲಿಂದ ರಂಗಕ್ಕೆ ಎರಡು ಬಾಗಿಲುಗಳು; ಅವುಗಳ ನಡುವೆ ವಾದ್ಯಗಾರರ ಪೀಠ. ಈ ಲೆಕ್ಕವನ್ನು ನಮ್ಮ ಶಾಲೆಗಳ ರಂಗವೇದಿಕೆಗಳೊಡನೆ ಹೋಲಿಸಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ದಾನಿಗಳ ಹೆಸರು ಕೆತ್ತಿದ ಕಲ್ಲಿರುತ್ತದೆ, ಎತ್ತರದ ಜಗುಲಿ ಇರುತ್ತದೆ, ಮೇಲೆ ತಗಡಿನ ಸೂರೂ ಇರುತ್ತದೆ. ಹಿಂದೆ ಒಂದು ಕೋಣೆ ಮಾತ್ರ ಇರುವುದಿಲ್ಲ. ವಿಜ್ಞಾನದ ಪ್ರಯೋಗಶಾಲೆಯಲ್ಲಿ ಬಣ್ಣ ಬಳಿದುಕೊಂಡ ಧರ್ಮರಾಯನು ಆಟದ ಬಯಲನ್ನು ದಾಟಿ, ಪ್ರೇಕ್ಷಕರ ನಡುವೆ ಹಾದು, ಇಂದ್ರಪ್ರಸ್ಥವನ್ನು ಸೇರಬೇಕಾಗುತ್ತದೆ.

ಭರತನು ಜಾಗವನ್ನಷ್ಟೇ ಕೊಟ್ಟವನಲ್ಲ. ಅಭಿನಯ ನಾಲ್ಕು ಬಗೆ ಎಂದು ಹೇಳುವಾಗ ಆಂಗಿಕ, ವಾಚಿಕ, ಸಾತ್ವಿಕಗಳ ಸಾಲಿನಲ್ಲಿ ಆಹಾರ್ಯವನ್ನೂ ಇಟ್ಟನು. ಆಹಾರ್ಯವನ್ನು ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ಮತ್ತೆ ನಾಲ್ಕಾಗಿ ವಿಂಗಡಿಸಿದನು. ಪುಸ್ತವೆಂದರೆ ರಥ, ಪರ್ವತ, ಆಯುಧ ಮೊದಲಾದವನ್ನು ಮಾಡಿ ನಿಲ್ಲಿಸುವುದು. ಅದರಲ್ಲಿಯೇ ಯಂತ್ರದಿಂದ ಚಲಿಸುವುದಕ್ಕೆ ಬೇರೆ ಹೆಸರುಂಟು. ಅಂಗರಚನೆ ಬಣ್ಣಗಾರಿಕೆ, ಸಂಜೀವ ಪ್ರಾಣಿಗಳನ್ನು ರಂಗಕ್ಕೆ ತರುವ ಬಗೆ. ಮೂವತ್ತೈದನೆಯ ಅಧ್ಯಾಯದಲ್ಲಿ ನಾಟಕ ಮಂಡಲಿಯ ಸದಸ್ಯರನ್ನು ಎಣಿಸುವಾಗ ಸೂತ್ರಧಾರ, ವಿದೂಷಕ, ನಟರ ಜೊತೆಯಲ್ಲಿಯೇ ಕಿರೀಟ ಮಾಡುವ ಮುಕುಟಕಾರ, ಒಡವೆ ಮಾಡುವವನು, ಮಾಲೆ ಕಟ್ಟುವವನು, ವೇಷಕಾರ, ಚಿತ್ರಕಾರ, ಕುಶಲಕರ್ಮಿಯಾದ ಕಾರುಕ, ಬಟ್ಟೆಗೆ ಬಣ್ಣ ಹಾಕುವ ರಜಕ, ಇಷ್ಟು ಜನರೂ ಬರುತ್ತಾರೆ. ರಜಕನಿಲ್ಲದೆ ಮಂಡಲಿ ಪೂರ್ಣವಲ್ಲ ಎಂಬುದು ಭರತನ ಮತ. ಇಂದಿನ ಕರಪತ್ರಗಳಲ್ಲಿ ಅವನ ಹೆಸರನ್ನು ಹುಡುಕಿದರೆ ಸಿಕ್ಕುವುದು ಕಷ್ಟ. ಶಾಸ್ತ್ರವು ಹೆಸರಿಸಿದವರನ್ನು ವಿಮರ್ಶೆ ಮರೆತಿದೆ.

ಇನ್ನು ನಮ್ಮ ಸೀಮೆಗೆ ಬರೋಣ. ರಾಯದುರ್ಗ ತಾಲೂಕು ೧೯೫೩ರ ಅಕ್ಟೋಬರ್ ೧ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಆದವಾನಿ, ಆಲೂರುಗಳ ಜೊತೆಯಲ್ಲಿ ರಾಯದುರ್ಗವೂ ಆ ಕಡೆಗೆ ಸೇರಿ ಅನಂತಪುರ ಜಿಲ್ಲೆಯದಾಯಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರಕ್ಕೆ ಸೇರಿದ್ದು. ೨೦೨೨ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗೆರೆಗಳು ಹೀಗೆ ಬದಲಾದರೂ ಆಟಗಳು ಗೆರೆ ನೋಡಿ ಆಡಿದವಲ್ಲ. ರಾಯದುರ್ಗದ ಕಡೆಗೆ ಬಳ್ಳಾರಿ ಸೀಮೆಯ ದೊಡ್ಡಾಟದ ಗಾಳಿ. ಮಡಕಶಿರಾದ ಕಡೆಗೆ ತುಮಕೂರು ಸೀಮೆಯ ಮೂಡಲಪಾಯದ ಗಾಳಿ. ಈ ಎರಡರಲ್ಲಿಯೂ ಹಿಮ್ಮೇಳ ವೇಷಧಾರಿಗಳ ಬೆನ್ನ ಹಿಂದೆಯೇ ನಿಂತಿರುತ್ತದೆ. ಮೂಡಲಪಾಯದ ಭಾಗವತನು ಪದ ಎತ್ತಿಕೊಡದೆ, ಮುಖವೀಣೆ ಶ್ರುತಿ ಹಿಡಿಯದೆ, ಅರಸನು ಒಂದು ಹೆಜ್ಜೆಯನ್ನೂ ಇಡಲಾರ. ಬೇಗಡೆ ಹಚ್ಚಿದ ಮರದ ಭುಜಕೀರ್ತಿ, ಎದೆಗವಚ, ಕಿರೀಟಗಳು ದೊಡ್ಡದಾಗಿರುವುದು ಬರಿಯ ಆಡಂಬರಕ್ಕಲ್ಲ. ಪಂಜಿನ ಬೆಳಕಿನಲ್ಲಿ, ಬಯಲಿನ ಕೊನೆಯಲ್ಲಿ ಕುಳಿತವನಿಗೂ ಇವನು ಅರಸು ಎಂದು ತಿಳಿಯಬೇಕು. ಮರ ಕೆತ್ತಿದವನು ಬೆಳಕನ್ನೂ ದೂರವನ್ನೂ ಲೆಕ್ಕ ಹಾಕಿದ್ದಾನೆ. ಇದು ವಿನ್ಯಾಸವಲ್ಲದೆ ಮತ್ತೇನು?

ತೊಗಲುಗೊಂಬೆಯ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ತೆರೆಯ ಮುಂದೆ ಯಾರೂ ಇಲ್ಲ. ತೊಗಲನ್ನು ಹದಮಾಡಿ ಬೆಳಕು ಹಾಯುವಷ್ಟು ತೆಳುವಾಗಿಸಿದವನು, ರಂಧ್ರ ಕೊರೆದು ಬಣ್ಣ ಹಾಕಿದವನು, ಗೊಂಬೆ ಹಿಡಿದವನು, ಹಾಡುವವಳು, ತಾಳ ಹಾಕುವವನು, ದೀಪ ನೋಡಿಕೊಳ್ಳುವವನು, ಎಲ್ಲರೂ ಪರದೆಯ ಹಿಂದೆಯೇ. ಹಲವೊಮ್ಮೆ ಇವರೆಲ್ಲ ಒಂದೇ ಮನೆಯವರು. ಧರ್ಮಾವರದ ಬಳಿಯ ನಿಮ್ಮಲಕುಂಟೆಯ ಕಲಾವಿದ ದಳವಾಯಿ ಚಲಪತಿರಾವ್ ಅವರಿಗೆ ೨೦೨೦ರಲ್ಲಿ ಪದ್ಮಶ್ರೀ ಸಂದಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ೨೦೨೩ರಲ್ಲಿ ತೀರಿಕೊಳ್ಳುವವರೆಗೂ ಗಾಂಧೀಜಿಯ ಕಥೆಯನ್ನೂ ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನೂ ಈ ಗೊಂಬೆಗಳಿಂದಲೇ ಆಡಿಸಿದರು. ಕೈ ಮಾತ್ರ ದುಡಿದು ಮುಖ ಮರೆಯಲ್ಲಿರುವ ಕಲೆಗೂ ಮನ್ನಣೆ ಸಲ್ಲಬಹುದು ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಸಾಕ್ಷಿಯಿದೆ.

ಸುರಭಿ ಮಂಡಲಿಯ ಮೂಲವೂ ಈ ಗೊಂಬೆಯಾಟವೇ. ಮರಾಠಿ ಮೂಲದ ಗೊಂಬೆಯಾಟದ ಮನೆತನದವರು ಕಡಪ ಜಿಲ್ಲೆಯ ಸುರಭಿ ಗ್ರಾಮದಲ್ಲಿ ೧೮೮೫ರಲ್ಲಿ ‘ಕೀಚಕ ವಧೆ’ಯನ್ನು ಆಡಿ ಮನುಷ್ಯರ ರಂಗಕ್ಕೆ ಇಳಿದರು, ಮುಂದಾಳು ವನಾರಸ ಗೋವಿಂದರಾಯರು. ‘ಮಾಯಾಬಜಾರ್’ನಲ್ಲಿ ಲಡ್ಡುಗಳು ತಾವಾಗಿ ಹಾರಿ ಘಟೋತ್ಕಚನ ಬಾಯಿಗೆ ಬೀಳುವುದನ್ನೂ, ಎರಡು ಬಾಣಗಳು ನಡು ಆಕಾಶದಲ್ಲಿ ಸಂಧಿಸಿ ಕಿಡಿ ಕಾರುವುದನ್ನೂ ಕಂಡು ಚಪ್ಪಾಳೆ ತಟ್ಟದವರಿಲ್ಲ. ತಂತಿ ಎಳೆಯುವವನಿಗೆ ನಾಟಕದ ಸಾಲು ಸಾಲೂ ಬಾಯಿಪಾಠವಾಗಿರಬೇಕು. ಒಂದು ಕ್ಷಣ ತಪ್ಪಿದರೆ ವೀರರಸ ಹೋಗಿ ಹಾಸ್ಯರಸವಾಗುತ್ತದೆ. ಈ ಮಂಡಲಿಯಲ್ಲಿ ಇಂದು ತಂತಿ ಎಳೆದವನು ನಾಳೆ ಕೃಷ್ಣನಾಗುತ್ತಾನೆ. ಮುಂದಿನವರು ಹಿಂದಿನವರು ಎಂಬ ಭೇದ ಅಲ್ಲಿ ಸರದಿಯೇ ಹೊರತು ಅಂತಸ್ತಲ್ಲ.

ಬಳ್ಳಾರಿಯ ನಾಟಕರಂಗದ ಮಾತನ್ನಂತೂ ಬಿಡುವಂತಿಲ್ಲ. ಧರ್ಮಾವರಂ ಕೃಷ್ಣಮಾಚಾರ್ಯರು (೧೮೫೩–೧೯೧೨) ಅನಂತಪುರ ಜಿಲ್ಲೆಯವರು, ಬಳ್ಳಾರಿಯಲ್ಲಿ ಸರಸವಿನೋದಿನೀ ಸಭೆಯನ್ನು ಕಟ್ಟಿದರು, ತೆಲುಗಿನವರಿಂದ ಆಂಧ್ರ ನಾಟಕ ಪಿತಾಮಹರೆನಿಸಿಕೊಂಡರು. ಅವರ ಸೋದರಳಿಯ ಬಳ್ಳಾರಿ ರಾಘವರು (೧೮೮೦–೧೯೪೬) ತಾಡಪತ್ರಿಯಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ವಕೀಲಿ ಮಾಡಿ, ತೆಲುಗು, ಕನ್ನಡ, ಇಂಗ್ಲಿಷ್ ಮೂರು ಭಾಷೆಗಳ ರಂಗಗಳಲ್ಲಿ ಅಭಿನಯಿಸಿದರು. ಇವರು ನಮ್ಮವರೋ ಅವರವರೋ ಎಂದು ವಾದಿಸುವ ಲೇಖನಗಳನ್ನು ನಾವು ಓದಿದ್ದೇವೆ. ವಾದ ಮಾಡುವವರು ಒಮ್ಮೆ ತೆರೆಯ ಹಿಂದೆ ಇಣುಕಿ ನೋಡಬೇಕು. ಈ ಸೀಮೆಯಲ್ಲಿ ಸೀನರಿ ಬಾಡಿಗೆಗೆ ಕೊಡುವವನು ತೆಲುಗು ‘ಹರಿಶ್ಚಂದ್ರ’ಕ್ಕೂ ಕನ್ನಡ ‘ಕುರುಕ್ಷೇತ್ರ’ಕ್ಕೂ ಅದೇ ಅರಮನೆಯ ಪರದೆ, ಅದೇ ಕಾಡಿನ ಪರದೆ ಕೊಡುತ್ತಾನೆ. ತೆಲುಗರು ‘ತೆರ’ ಎನ್ನುತ್ತಾರೆ, ನಾವು ‘ತೆರೆ’ ಎನ್ನುತ್ತೇವೆ. ಹಾರ್ಮೋನಿಯಂ ಮೇಷ್ಟ್ರು ಒಂದೂರಿನಲ್ಲಿ ತಿರುಪತಿ ವೆಂಕಟಕವಿಗಳ ಪದ್ಯಕ್ಕೆ ರಾಗ ಹಾಕಿಸಿ, ಇನ್ನೊಂದೂರಿನಲ್ಲಿ ಕನ್ನಡ ಕಂದಕ್ಕೆ ಅದೇ ರಾಗ ಹಿಡಿಸುತ್ತಾರೆ. ಹಳ್ಳಿಯ ನಾಟಕದಲ್ಲಿ ಪಾತ್ರಧಾರಿಗಳು ಪಾತ್ರಕ್ಕೆ ಇಷ್ಟೆಂದು ವಂತಿಗೆ ಹಾಕಿ ತಿಂಗಳುಗಟ್ಟಲೆ ಕಲಿಯುತ್ತಾರೆ. ಅಕ್ಷರ ಬಾರದವನಿಗೂ ಮೇಷ್ಟ್ರು ಬಾಯಿಂದ ಬಾಯಿಗೆ ಪದ್ಯ ದಾಟಿಸುತ್ತಾರೆ. ರಂಗದ ಮುಂಭಾಗಕ್ಕೆ ಒಂದು ಭಾಷೆ, ಹಿಂಭಾಗಕ್ಕೆ ಎರಡು. ನಾಟಕದ ಇತಿಹಾಸವನ್ನು ಕೃತಿಗಳಿಂದ ಬರೆದರೆ ಗಡಿ ಎದ್ದು ಕಾಣುತ್ತದೆ; ಪರದೆ, ಪೆಟ್ಟಿಗೆ, ಬಾಡಿಗೆ ಚೀಟಿಗಳಿಂದ ಬರೆದರೆ ಗಡಿಯ ಎರಡು ಕಡೆಯವರೂ ಒಂದೇ ಮನೆಯವರಾಗಿ ಕಾಣುತ್ತಾರೆ. ಎರಡೂ ಸತ್ಯವೇ, ಆದರೆ ಎರಡನೆಯದನ್ನು ಬರೆದವರು ವಿರಳ.

ಈಗ ವಿಶ್ವವಿದ್ಯಾನಿಲಯಗಳ ಮಾತು. ಮನೆತನದಲ್ಲಿಯೂ ಕಂಪನಿಯಲ್ಲಿಯೂ ಕೈಯಿಂದ ಕೈಗೆ ಬರುತ್ತಿದ್ದ ಈ ವಿದ್ಯೆಯನ್ನು ತರಗತಿಗೆ ತಂದದ್ದು ಇಪ್ಪತ್ತನೆಯ ಶತಮಾನದ ದೊಡ್ಡ ಬದಲಾವಣೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ನಾಟಕ ವಿಭಾಗದಲ್ಲಿ ಬೆಳಕಿನ ಪಾಠ ಹೇಳುತ್ತಿದ್ದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ ೧೯೩೨ರಲ್ಲಿ ತಮ್ಮ ಪದ್ಧತಿಯನ್ನು ಪುಸ್ತಕ ಮಾಡಿದರು. ರಂಗವನ್ನು ಚಿಕ್ಕ ಚಿಕ್ಕ ವಲಯಗಳಾಗಿ ಭಾಗಿಸಿ, ಒಂದೊಂದಕ್ಕೂ ಎಡ ಬಲಗಳಿಂದ ಓರೆಯಾಗಿ ನಲವತ್ತೈದು ಡಿಗ್ರಿಯಲ್ಲಿ ಎರಡು ದೀಪ ಬಿಡಬೇಕು, ಒಂದು ಬೆಚ್ಚನೆಯ ಬಣ್ಣದ್ದು, ಇನ್ನೊಂದು ತಣ್ಣನೆಯದು; ಆಗ ಮುಖ ಚಪ್ಪಟೆಯಾಗದೆ ಉಬ್ಬುತಗ್ಗುಗಳೊಡನೆ ಕಾಣುತ್ತದೆ ಎಂಬುದು ಅದರ ಸಾರ. ದೀಪ ಹಚ್ಚುವುದು ಆಳಿನ ಕೆಲಸವಾಗಿದ್ದುದು ಹೀಗೆ ಪಾಠವಾಯಿತು. ನಮ್ಮ ದೇಶದಲ್ಲಿ ರಾಷ್ಟ್ರೀಯ ನಾಟಕ ಶಾಲೆ ೧೯೫೯ರಲ್ಲಿ ಹುಟ್ಟಿತು. ಅಲ್ಲಿ ಮೊದಲು ಎಲ್ಲರಿಗೂ ಸಮಾನ ಪಾಠ. ಆಮೇಲೆ ಅಭಿನಯ, ಅಥವಾ ರಂಗತಂತ್ರ ಮತ್ತು ವಿನ್ಯಾಸ, ಎಂದು ಕವಲು. ಮೈಸೂರು ವಿಶ್ವವಿದ್ಯಾನಿಲಯ ೧೯೬೫ರಲ್ಲಿ ಲಲಿತಕಲಾ ಕಾಲೇಜನ್ನು ತೆರೆಯಿತು. ಹೈದರಾಬಾದ್ ವಿಶ್ವವಿದ್ಯಾನಿಲಯದ ಸರೋಜಿನಿ ನಾಯ್ಡು ಶಾಲೆ ೧೯೮೮ರದು. ವಿಶ್ವವಿದ್ಯಾನಿಲಯವಲ್ಲದಿದ್ದರೂ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವನ್ನು (೧೯೮೦) ಇಲ್ಲಿ ಹೆಸರಿಸಲೇಬೇಕು. ೧೯೮೫ರಲ್ಲಿ ಆರಂಭವಾದ ಅದರ ‘ತಿರುಗಾಟ’ದಲ್ಲಿ ರಾತ್ರಿ ರಾಜನಾದವನೇ ಆಟ ಮುಗಿದ ಮೇಲೆ ಸಜ್ಜಿಕೆ ಬಿಚ್ಚಿ ವಾಹನಕ್ಕೆ ಏರಿಸುತ್ತಾನೆ. ದೆಹಲಿಯ ಶಾಲೆಯಲ್ಲಿ ಕಲಿತ ಪ್ರೇಮಾ ಕಾರಂತರು ವೇಷಭೂಷಣದಲ್ಲಿಯೂ, ವಿ. ರಾಮಮೂರ್ತಿಯವರು ಬೆಳಕಿನಲ್ಲಿಯೂ ಕನ್ನಡ ರಂಗಕ್ಕೆ ಸಲ್ಲಿಸಿದ ಸೇವೆ ಬಲ್ಲವರಿಗೆ ಗೊತ್ತು.

ಈ ವಿಭಾಗಗಳಿಂದ ಆದ ಲಾಭ ಸಣ್ಣದಲ್ಲ. ಉಪ್ಪುನೀರಿನ ಜಾಡಿಯಲ್ಲಿ ಎರಡು ತಗಡು ಇಳಿಬಿಟ್ಟು, ಅವನ್ನು ಹತ್ತಿರ ತಂದಾಗ ದೀಪ ಹಿಗ್ಗುವಂತೆಯೂ ದೂರ ಮಾಡಿದಾಗ ಕುಗ್ಗುವಂತೆಯೂ ಮಾಡುತ್ತಿದ್ದ ಕಾಲ ಒಂದಿತ್ತು. ಕೈ ಜಾರಿದರೆ ಪ್ರಾಣಕ್ಕೇ ಅಪಾಯ. ಇಂದು ಅದೇ ಕೆಲಸವನ್ನು ವಿದ್ಯಾರ್ಥಿ ವಿದ್ಯುಚ್ಛಾಸ್ತ್ರದ ತಿಳಿವಳಿಕೆಯಿಂದ, ನಿರ್ಭಯವಾಗಿ, ಬರೆದಿಟ್ಟ ಸೂಚನೆಯಂತೆ ಮಾಡುತ್ತಾನೆ. ಬೆಳಕು ಯಾವಾಗ ಏರಬೇಕು, ಬಾಗಿಲು ಎಷ್ಟು ಅಗಲವಿರಬೇಕು ಎಂಬುದಕ್ಕೆ ಕಾರಣ ಹೇಳಬಲ್ಲವನಾಗಿದ್ದಾನೆ. ಕಾರಣ ಹೇಳಬಲ್ಲವನೊಡನೆ ವಿಮರ್ಶಕನು ವಾದ ಮಾಡಬಹುದು. ಇದೇ ವಿದ್ಯೆಯ ಮೊದಲ ಲಕ್ಷಣ.

ಆದರೆ ಒಂದು ಆಕ್ಷೇಪಣೆಯನ್ನು ಮುಚ್ಚಿಡಲಾರೆವು. ವಿದ್ಯೆ ಬಂದ ಕಡೆ ಅಂತಸ್ತೂ ಬಂದಿದೆ. ಬೆಳಕಿನ ವಿನ್ಯಾಸಕಾರರು, ವಸ್ತ್ರವಿನ್ಯಾಸಕಾರರು ಎಂದು ಕರಪತ್ರದಲ್ಲಿ ಅಚ್ಚಾಗುವ ಹೆಸರುಗಳ ಕೆಳಗೆ ಇನ್ನೊಂದು ಸಾಲು ಬರಬೇಕಾಗಿದೆ. ವಿನ್ಯಾಸಕಾರರು ಕಾಗದದ ಮೇಲೆ ಗೀಚಿದ ಬಾಗಿಲನ್ನು ನಿಲ್ಲಿಸಿದ ಬಡಗಿ, ಅಂಗಿಯನ್ನು ಹೊಲಿದ ದರ್ಜಿ, ಏಣಿ ಹತ್ತಿ ದೀಪ ಕಟ್ಟಿದವನು, ಆಟ ಮುಗಿದ ಮೇಲೆ ಬೆವರಿನ ಬಟ್ಟೆಯನ್ನು ಒಗೆದು ಮಡಿಸಿಟ್ಟವಳು, ಇವರ ಹೆಸರುಗಳು ‘ಮತ್ತು ಮಿತ್ರವೃಂದ’ ಎಂಬ ಎರಡು ಶಬ್ದಗಳಲ್ಲಿ ಮುಗಿದುಹೋಗುತ್ತವೆ. ಭರತನು ಮುಕುಟಕಾರನಿಗೂ ರಜಕನಿಗೂ ಒಂದೇ ಪಟ್ಟಿಯಲ್ಲಿ ಸ್ಥಳ ಕೊಟ್ಟನು. ನಾವು ಒಂದು ಪಟ್ಟಿಯನ್ನು ಎರಡು ಮಾಡಿ ಎರಡನೆಯದನ್ನು ಅಚ್ಚು ಹಾಕಿಸದೆ ಉಳಿಸಿಕೊಂಡಿದ್ದೇವೆ.

ಇದಕ್ಕೆ ಸಹೃದಯರು ಒಂದು ಮಾತನ್ನು ಎದುರಾಗಿ ಹೇಳಬಹುದು. ‘ತೆರೆಯ ಹಿಂದಿನ ಕೆಲಸ ಚೆನ್ನಾಗಿದ್ದರೆ ಅದು ಗೊತ್ತೇ ಆಗಬಾರದು. ಬೆಳಕು ಚೆನ್ನಾಗಿದೆ ಎಂದು ಪ್ರೇಕ್ಷಕನಿಗೆ ಅನ್ನಿಸಿದ ಕ್ಷಣವೇ ಅವನು ನಾಟಕವನ್ನು ಬಿಟ್ಟು ದೀಪ ನೋಡತೊಡಗಿದ್ದಾನೆಂದು ಅರ್ಥ. ಕಾಣದಿರುವುದೇ ಅದರ ಗುಣವಾಗಿರುವಾಗ ಅದನ್ನು ವಿಮರ್ಶೆಯಲ್ಲಿ ಎಳೆದು ತರುವುದೇಕೆ?’ ಈ ಮಾತು ತೂಕವುಳ್ಳದ್ದು. ನಾವೂ ಬಹುಕಾಲ ಹೀಗೆಯೇ ತಿಳಿದಿದ್ದೆವು. ಆದರೆ ಇಲ್ಲಿ ಪ್ರೇಕ್ಷಕನನ್ನೂ ವಿಮರ್ಶಕನನ್ನೂ ಒಬ್ಬನೇ ಎಂದು ಭ್ರಮಿಸಲಾಗಿದೆ. ಒಳ್ಳೆಯ ಗದ್ಯವನ್ನು ಓದುವವನಿಗೆ ವ್ಯಾಕರಣ ನೆನಪಾಗಬಾರದು, ನಿಜ. ಅಷ್ಟರಿಂದ ವ್ಯಾಕರಣ ಬಲ್ಲವನು ಅದನ್ನು ವಿವರಿಸಬಾರದು ಎಂದಾಗುವುದಿಲ್ಲ. ಪ್ರೇಕ್ಷಕನಿಗೆ ಕಾಣಬಾರದ್ದು ವಿಮರ್ಶಕನಿಗೆ ಕಾಣಲೇಬೇಕು. ಅವನು ಇರುವುದೇ ಅದಕ್ಕಾಗಿ. ಅವನೂ ಕಾಣದೆ ಹೋದರೆ, ಆ ಕೆಲಸ ಕೆಟ್ಟಾಗ ಮಾತ್ರ ಕಾಣುವ ಕೆಲಸವಾಗಿ ಉಳಿಯುತ್ತದೆ. ಪರದೆ ಸಿಕ್ಕಿಕೊಂಡರೆ ಊರೆಲ್ಲಕ್ಕೂ ಸುದ್ದಿ; ನೂರು ಸಲ ಸರಿಯಾಗಿ ಬಿದ್ದರೆ ಸುದ್ದಿಯಿಲ್ಲ. ತಪ್ಪಿಗೆ ಮಾತ್ರ ಹೆಸರಿದ್ದು ಒಪ್ಪಕ್ಕೆ ಹೆಸರಿಲ್ಲದ ವಿದ್ಯೆಯನ್ನು ಯಾವ ಹುಡುಗ ಮನಸ್ಸಿಟ್ಟು ಕಲಿತಾನು?

ಹಾಗಾದರೆ ಅಳೆಯುವುದು ಹೇಗೆ? ಮೂರು ಮಾನದಂಡಗಳನ್ನು ಸೂಚಿಸಲಿಚ್ಛಿಸುತ್ತೇವೆ.

ಮೊದಲನೆಯದು ಔಚಿತ್ಯ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಕಾವ್ಯಕ್ಕೆ ಹೇಳಿದ ಈ ತತ್ತ್ವ ರಂಗಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಗುಬ್ಬಿ ಕಂಪನಿಯ ೧೯೩೪ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ಬಂದುವು. ಆನೆಯ ಸುದ್ದಿ ಇಂದಿಗೂ ಇದೆ. ಅದನ್ನು ದೀಪಗಳ ನಡುವೆ ಬೆದರದಂತೆ ನಿಲ್ಲಿಸಿದ ಮಾವುತನ ಸುದ್ದಿ ಯಾರೂ ಎತ್ತುವುದಿಲ್ಲ. ವಿಮರ್ಶಕನು ಇಲ್ಲಿ ಕೇಳಬೇಕಾದ ಪ್ರಶ್ನೆ ಆನೆ ನಿಜವೆ ಎಂಬುದಲ್ಲ. ಆನೆಯಿಂದ ಯುದ್ಧದ ಭಯ ಹೆಚ್ಚಿತೆ, ಅಥವಾ ಯುದ್ಧವನ್ನು ಮರೆತು ಜನ ಆನೆಯನ್ನು ನೋಡಿದರೆ ಎಂಬುದು. ಕಲ್ಕತ್ತೆಯ ಮಿನರ್ವಾ ರಂಗಮಂದಿರದಲ್ಲಿ ೧೯೫೯ರಲ್ಲಿ ಉತ್ಪಲ್ ದತ್ತರು ಆಡಿಸಿದ ‘ಅಂಗಾರ್’ ನಾಟಕದ ಕೊನೆಯಲ್ಲಿ ತಾಪಸ್ ಸೇನರು ಬೆಳಕಿನಿಂದಲೇ ಕಲ್ಲಿದ್ದಲ ಗಣಿಯಲ್ಲಿ ನೀರು ಏರುವಂತೆ ಮಾಡಿದರು. ಒಂದು ತೊಟ್ಟು ನೀರಿಲ್ಲ. ಗಣಿಯೊಳಗೆ ಸಿಕ್ಕಿಬಿದ್ದವರ ಸಾವೇ ನಾಟಕದ ಹುರುಳಾದ್ದರಿಂದ ಆ ಬೆಳಕು ಚಮತ್ಕಾರವಾಗದೆ ಅರ್ಥವಾಯಿತು. ಆನೆ ನಿಜ, ನೀರು ಸುಳ್ಳು. ನಿಜ ಸುಳ್ಳುಗಳಲ್ಲಿ ಅಲ್ಲ, ಒಪ್ಪುವುದರಲ್ಲಿದೆ ಗುಣ.

ಎರಡನೆಯದು ಸಮಯ. ನಟನ ಮಾತು ಮುಗಿಯುವುದಕ್ಕೂ ತೆರೆ ಬೀಳುವುದಕ್ಕೂ ನಡುವಿನ ಮೌನ ಎಷ್ಟಿರಬೇಕು ಎಂಬುದನ್ನು ತೀರ್ಮಾನಿಸುವವನು ಹಗ್ಗ ಹಿಡಿದವನು. ಬೇಗ ಬಿದ್ದರೆ ಮಾತು ಮುರಿಯುತ್ತದೆ, ತಡವಾದರೆ ರಸ ಆರುತ್ತದೆ. ಹಾಡುಗಾರನ ಲಯಜ್ಞಾನವನ್ನು ಹೊಗಳುವ ನಾವು ಈ ಲಯಜ್ಞಾನವನ್ನು ಗಮನಿಸುವುದೇ ಇಲ್ಲ.

ಮೂರನೆಯದು ಮಿತವ್ಯಯ. ಇದ್ದಷ್ಟರಲ್ಲಿ ಎಷ್ಟು ಮಾಡಿದನು ಎಂಬ ಲೆಕ್ಕ. ‘ತಿರುಗಾಟ’ದ ಸಜ್ಜಿಕೆ ವಾಹನದಲ್ಲಿ ಹಿಡಿಯಬೇಕು, ಊರೂರಿನ ಬೇರೆ ಬೇರೆ ಅಳತೆಯ ವೇದಿಕೆಗೆ ಒಗ್ಗಬೇಕು, ಮಾರನೆಯ ದಿನ ಮತ್ತೆ ಬಿಚ್ಚಿಕೊಳ್ಳಬೇಕು. ಅದನ್ನು ಮಹಾನಗರದ ರಂಗಮಂದಿರದ ಸಜ್ಜಿಕೆಯೊಡನೆ ತೂಗುವುದು ಅನ್ಯಾಯ. ವಿಶ್ವವಿದ್ಯಾನಿಲಯದ ವಿಭಾಗಕ್ಕೆ ಒಂದು ತೂಕ, ಹಳ್ಳಿಯ ಮೇಳಕ್ಕೆ ಒಂದು ತೂಕ, ನಮ್ಮ ಶಾಲೆಗೆ ಇನ್ನೊಂದು ತೂಕ ಇರಬೇಕಾದದ್ದೇ. ತೂಕ ಬೇರೆಯಾದರೂ ತಕ್ಕಡಿ ಒಂದೇ.

ಈ ಮೂರನೆಯ ಪ್ರಶ್ನೆ ನಮ್ಮನ್ನು ನಮ್ಮ ಅಂಗಳಕ್ಕೇ ತಂದು ನಿಲ್ಲಿಸುತ್ತದೆ. ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ನಾವು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ವಾರ್ಷಿಕೋತ್ಸವಕ್ಕೆ ಒಂದು ಪೌರಾಣಿಕ ನಾಟಕ ಆಡಿದರು. ಪರದೆ ಎಳೆಯಲು ತೋಳಿನಲ್ಲಿ ಶಕ್ತಿಯಿದ್ದ ಹುಡುಗ ಬೇಕಾಗಿತ್ತು. ತೆಲುಗು ಮಾಧ್ಯಮದ ಎಂಟನೆಯ ತರಗತಿಯಿಂದ ಒಬ್ಬನನ್ನು ಕರೆತಂದೆವು. ಹಗ್ಗ ಪಕ್ಕದ ಮನೆಯ ಬಾವಿಯದು. ಆಟ ಸಾಂಗವಾಗಿ ನಡೆಯಿತು. ಪಾತ್ರಧಾರಿಗಳಿಗೆಲ್ಲ ಬಹುಮಾನ ಬಂತು. ನಿರ್ದೇಶಿಸಿದ ಮೇಷ್ಟ್ರಿಗೆ ಶಾಲು ಹೊದಿಸಿದೆವು. ಮುಖ್ಯೋಪಾಧ್ಯಾಯರೆಂದು ವಂದನಾರ್ಪಣೆಯಲ್ಲಿ ದೀರ್ಘವಾಗಿ ಮಾತನಾಡಿದ ನಾವು ಮೈಕು, ಪೆಂಡಾಲಿನವರನ್ನೂ ನೆನೆದು ಆ ಹುಡುಗನನ್ನು ಮರೆತೆವು. ಮರುದಿನ ಬೆಳಿಗ್ಗೆ ಅವನು ಹಗ್ಗ ಸುತ್ತಿ ಬಾವಿಯ ಮನೆಗೆ ಕೊಡಲು ಹೊರಟಿದ್ದಾಗ ಅಂಗಿಯ ಜೇಬಿನಲ್ಲಿ ಮಡಿಸಿಟ್ಟ ಒಂದು ಪುಸ್ತಕ ಕಂಡು ಏನೆಂದು ಕೇಳಿದೆವು. ಬಿಚ್ಚಿ ತೋರಿಸಿದನು. ಪ್ರತಿ ದೃಶ್ಯದ ಕೊನೆಯ ಮೂರು ನ್ನಾಲ್ಕು ಮಾತುಗಳು. ಕನ್ನಡದ ಮಾತು, ತೆಲುಗು ಲಿಪಿ. ಎಲ್ಲಿ ನಿಧಾನ ಎಳೆಯಬೇಕೋ ಅಲ್ಲಿ ಒಂದು ಗೆರೆ, ಎಲ್ಲಿ ಥಟ್ಟನೆ ಬಿಡಬೇಕೋ ಅಲ್ಲಿ ಎರಡು ಗೆರೆ. ಒಂದು ಕಡೆ, ಪಾತ್ರಧಾರಿ ಅಭ್ಯಾಸದಲ್ಲಿ ಮಾತು ಬದಲಿಸಿದ್ದರಿಂದ, ಹೊಡೆದು ಹಾಕಿ ಮತ್ತೆ ಬರೆದಿದ್ದನು. ‘ಅರ್ಥ ಗೊತ್ತೇನಪ್ಪಾ?’ ಎಂದೆವು. ‘ಮೊದಲು ಗೊತ್ತಿರಲಿಲ್ಲ ಸಾರ್, ಕೇಳಿ ಕೇಳಿ ಗೊತ್ತಾಯ್ತು’ ಎಂದು ಕನ್ನಡದಲ್ಲಿಯೇ ಉತ್ತರ ಕೊಟ್ಟನು.

ಒಂದು ನಾಟಕದ ಬೆನ್ನಿನಲ್ಲಿ ನಿಂತು, ಮಾತು ತಪ್ಪಿದರೆ ತನ್ನ ಹಗ್ಗ ತಪ್ಪುತ್ತದೆ ಎಂಬ ಭಯದಿಂದ ಕಿವಿಗೊಟ್ಟು, ಆ ಹುಡುಗ ಒಂದು ತಿಂಗಳಲ್ಲಿ ಒಂದು ಭಾಷೆಯ ಹೊಸ್ತಿಲನ್ನು ದಾಟಿದ್ದನು. ಪಾತ್ರಧಾರಿಗೆ ತನ್ನ ಮಾತಷ್ಟೇ ಬಾಯಿಪಾಠ. ತೆರೆ ಎಳೆಯುವವನಿಗೆ ಎಲ್ಲರ ಮಾತೂ ಬೇಕು. ಎರಡು ಭಾಷೆಗಳ ಮಕ್ಕಳು ಒಂದೇ ಗೇಟಿನಿಂದ ಒಳಗೆ ಬಂದು ಎರಡು ಸಾಲುಗಳಲ್ಲಿ ನಿಲ್ಲುವ ನಮ್ಮ ಶಾಲೆಗಳಲ್ಲಿ, ನೇಪಥ್ಯವು ಅವರನ್ನು ಒಂದು ಕೆಲಸದಲ್ಲಿ ಕೂಡಿಸಬಲ್ಲ ಸ್ಥಳ. ಇದನ್ನು ಯಾವ ತರಬೇತಿ ಕಾಲೇಜಿನ ಪುಸ್ತಕದಲ್ಲಿಯೂ ನಾವು ಓದಿರಲಿಲ್ಲ. ಆ ಪುಸ್ತಕವನ್ನು ಕೇಳಿ ಪಡೆದು ಶಾಲೆಯ ಬೀರುವಿನಲ್ಲಿ ಇಡುವ ಬುದ್ಧಿಯೂ ಅಂದು ನಮಗೆ ಬರಲಿಲ್ಲ. ಹುಡುಗ ಶಾಲೆ ಬಿಟ್ಟನು; ಪುಸ್ತಕ ಹೋಯಿತು. ರಂಗಭೂಮಿಯ ಸಂಶೋಧಕನಿಗೆ ಅದು ಒಂದು ರಂಗಪ್ರತಿ. ಭಾಷಾಶಾಸ್ತ್ರಜ್ಞನಿಗೆ ಒಂದು ಗಡಿನಾಡ ಶಾಸನ. ನಮ್ಮ ಕಣ್ಣೆದುರಿಗಿದ್ದ ಒಂದು ಆಕರವನ್ನು ನಾವೇ ಕಳೆದೆವು.

ಆದುದರಿಂದ ಸಂಘದ ಸದಸ್ಯರಾದ ಉಪಾಧ್ಯಾಯ ಬಂಧುಗಳಲ್ಲಿ ಮೂರು ವಿಜ್ಞಾಪನೆಗಳು. ರಾಯದುರ್ಗ, ಮಡಕಶಿರಾ ಸೀಮೆಗಳ ಊರೂರುಗಳಲ್ಲಿ ಹಳೆಯ ನಾಟಕಗಳ ಕೈಬರೆಹದ ಪ್ರತಿಗಳು, ಕರಪತ್ರಗಳು, ಸೀನರಿ ಬಾಡಿಗೆಯ ಚೀಟಿಗಳು, ಮೂಡಲಪಾಯ ದೊಡ್ಡಾಟಗಳ ವೇಷದ ಪೆಟ್ಟಿಗೆಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಅವುಗಳ ಪಟ್ಟಿ ಮಾಡಬೇಕು. ಮಾಡಿದವರ, ಕೆತ್ತಿದವರ, ಹೊಲಿದವರ ಹೆಸರುಗಳನ್ನು ಮುದುಕರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಹಾರ್ಮೋನಿಯಂ ಮೇಷ್ಟ್ರುಗಳ ಶಿಷ್ಯಪರಂಪರೆಯನ್ನು, ಭಾಷೆಯ ಭೇದ ಮಾಡದೆ, ಒಂದೇ ಪಟ್ಟಿಯಲ್ಲಿ ದಾಖಲಿಸಬೇಕು. ಎರಡನೆಯದಾಗಿ, ಶಾಲೆಯ ನಾಟಕಗಳ ಆಹ್ವಾನಪತ್ರಿಕೆಯಲ್ಲಿ ಪಾತ್ರವರ್ಗದ ಕೆಳಗೆ ನೇಪಥ್ಯವರ್ಗವನ್ನೂ ಪೂರ್ಣ ಹೆಸರುಗಳೊಡನೆ ಅಚ್ಚು ಹಾಕಿಸಬೇಕು. ಇದಕ್ಕೆ ತಗಲುವ ಖರ್ಚು ನಾಲ್ಕು ಸಾಲು ಅಕ್ಷರ. ಮೂರನೆಯದಾಗಿ, ಹೊಸ ರಂಗವೇದಿಕೆ ಕಟ್ಟಿಸಿಕೊಡಲು ದಾನಿಗಳು ಮುಂದೆ ಬಂದಾಗ, ಭರತನು ಹೇಳಿದ ಕಾಲುಭಾಗವನ್ನಲ್ಲದಿದ್ದರೂ, ಹಿಂದೆ ಒಂದು ಕೋಣೆಯನ್ನಾದರೂ ಬೇಡಬೇಕು.

ವಿಮರ್ಶಕ ಮಿತ್ರರಲ್ಲಿ ಒಂದೇ ಬೇಡಿಕೆ. ‘ಪೂರಕವಾಗಿದ್ದುವು’ ಎಂಬ ಶಬ್ದವನ್ನು ಕೆಲಕಾಲ ಕೈಬಿಡಿ. ಔಚಿತ್ಯ ಹೇಗಿತ್ತು, ಸಮಯ ಹೇಗಿತ್ತು, ಇದ್ದಷ್ಟರಲ್ಲಿ ಎಷ್ಟು ಸಾಧಿಸಿದರು ಎಂದು ಮೂರು ವಾಕ್ಯ ಬರೆಯಿರಿ. ಕೆಟ್ಟಿದ್ದರೆ ಕೆಟ್ಟಿತೆಂದೇ ಬರೆಯಿರಿ; ಅಳತೆಗೆ ಸಿಕ್ಕದ ಹೊಗಳಿಕೆಗಿಂತ ಅಳೆದು ಹೇಳಿದ ದೋಷ ದುಡಿದವನಿಗೆ ಹೆಚ್ಚು ಗೌರವ. ಮುಂದಿನ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆಗೆ ನಿಲ್ಲುವಾಗ ನಾವು ಹಗ್ಗ ಹಿಡಿದವನಿಂದಲೇ ಮೊದಲುಮಾಡುತ್ತೇವೆ.